ಮಲಗಿಸಿದವನು ಎದ್ದು ಹೋಗಬಾರದು

ಬಸ್ಸಿನಲ್ಲಿ ಪಕ್ಕದ ಸೀಟಿನವರು ನಿದ್ದೆ ಹೋದರೆ ಅವರ ಮುಖ ನೋಡುವ ಅಭ್ಯಾಸವೊಂದು ನನಗೆ ಈಚೆಗೆ ಅಂಟಿಕೊಂಡಿದೆ. ಬರೀ ನೋಡುವುದಾಗಿದ್ದರೆ ಹೇಳುವಂಥದ್ದೇನೂ ಇರಲಿಲ್ಲ. ಕಳೆದ ವಾರ ಉಡುಪಿಯಿಂದ ಕಾರ್ಕಳಕ್ಕೆ ಹೋಗುತ್ತಿದ್ದೆ. ಮಣಿಪಾಲದಲ್ಲಿ ಹತ್ತಿ ನನ್ನ ಪಕ್ಕ ಕುಳಿತ ಒಬ್ಬರು ಹಿರಿಯಡ್ಕ ಬರುವಷ್ಟರಲ್ಲಿ ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆಯತೊಡಗಿದರು. ನಾನು ಮೊದಲು ಅವರ ಎದೆ ನೋಡಿದೆ. ಏರುತ್ತಿತ್ತು, ಇಳಿಯುತ್ತಿತ್ತು. ಅಷ್ಟಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕೈ ತಾನಾಗಿ ಹೋಗಿ ಅವರ ಹಣೆ ಮುಟ್ಟಿತು. ಅವರು ಕಣ್ಣು ತೆರೆದು "ಎಂತ?" ಎಂದರು. ನಾನು, ಏನಿಲ್ಲ, ನೀವು ಮಲಗಿ ಎಂದೆ. ಅವರು ಮಲಗಲಿಲ್ಲ. ಕಾಲಬುಡದಲ್ಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕಾರ್ಕಳ ಬರುವವರೆಗೆ ನನ್ನ ಎರಡೂ ಕೈಗಳ ಮೇಲೆ ಕಣ್ಣಿಟ್ಟು ಕುಳಿತರು.

ಅವರಿಗೆ ವಿವರಿಸುವುದಾದರೂ ಹೇಗೆ? ಒಂದು ಮಂತ್ರದಿಂದ ನನಗೆ ಹೀಗಾಗಿದೆ ಎಂದರೆ ಚೀಲದ ಜೊತೆ ಅವರೂ ಬೇರೆ ಸೀಟಿಗೆ ಹೋಗುತ್ತಿದ್ದರು. ನಿಮಗೆ ಹೇಳಬಹುದು. ನೀವು ಎದ್ದು ಹೋದರೂ ನನಗೆ ಕಾಣುವುದಿಲ್ಲ.

ನಾನು ಉಡುಪಿಯ ಕೋರ್ಟಿನಲ್ಲಿ ಸ್ಟೆನೋಗ್ರಾಫರ್. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆ ತೆಗೆದುಕೊಳ್ಳುವುದು ನನ್ನ ಕೆಲಸ, ಸೇರಿಸುವಂತಿಲ್ಲ, ಬಿಡುವಂತಿಲ್ಲ. ಇಂಥ ಕೆಲಸದಲ್ಲಿ ತಲೆ ನರೆತವನು ಮಂತ್ರವಾದಿಯಾದದ್ದು ಹೇಗೆ ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಗೇಟಿಗೆ ಬಣ್ಣ ತರಲು ಹೋಗಿ ಆದೆ ಎಂಬುದೇ ಉತ್ತರ. ನಾವಿರುವುದು ಕಾಪುವಿನಲ್ಲಿ. ಅಲ್ಲಿ ಪೇಟೆಯಲ್ಲಿ ಹಮೀದನ ಪೇಂಟ್ ಅಂಗಡಿ. ಹಮೀದ್ ದಮ್ಮಾಮಿನಲ್ಲಿ ಬಹಳ ವರ್ಷ ದುಡಿದು ಮರಳಿದವನು. ಗಲ್ಫಿನಿಂದ ಬರುವವರು ಕಂಬಳಿ, ಅತ್ತರು, ಹಾಲಿನ ಪುಡಿ ತರುತ್ತಾರೆ. ಹಮೀದ್ ಇವೆಲ್ಲದರ ಜೊತೆ ಒಂದು ಆಟವನ್ನೂ ತಂದ. ಅಲ್ಲಿ ಅವನ ಕೋಣೆಯಲ್ಲಿದ್ದ ಫಿಲಿಪ್ಪೀನ್ಸಿನ ಹುಡುಗರು ಶುಕ್ರವಾರದ ರಜೆಯಲ್ಲಿ ಆಡುತ್ತಿದ್ದ ಆಟವಂತೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರ. ಯೋಧ, ಕಳ್ಳ, ವೈದ್ಯ, ಮಂತ್ರವಾದಿ, ಹೀಗೆ. ಎದುರಿಗೆ ರಾಕ್ಷಸ ಬಂದರೆ ನೀವು ಏನು ಮಾಡುತ್ತೀರಿ ಎಂದು ಬಾಯಲ್ಲಿ ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ಒಂದು ದಾಳ ತೀರ್ಮಾನಿಸುತ್ತದೆ. ನಾನು ಅಂಗಡಿಗೆ ಹೋದ ದಿನ ಮಹಡಿಯಿಂದ ಗಂಡಸೊಬ್ಬ, "ಎಲೈ ದುಷ್ಟನೇ, ನಿಲ್ಲು" ಎನ್ನುವುದು ಕೇಳಿಸಿತು. ಮೇಲೆ ಹೋಗಿ ನೋಡಿದೆ. ಆಮೇಲೆ ಗೇಟಿಗೆ ಬಣ್ಣ ಬಳಿಯಲು ಒಂದು ವರ್ಷ ಹಿಡಿಯಿತು.

ಮಹಡಿಯ ಕೋಣೆಯ ತುಂಬ ಬಣ್ಣದ ಡಬ್ಬಗಳು, ತಿನ್ನರಿನ ವಾಸನೆ. ಹಳತಾದ ಶೇಡ್ ಕಾರ್ಡುಗಳ ಬೆನ್ನಿನಲ್ಲಿ ಹಮೀದ್ ಒಂದೊಂದು ಮಂತ್ರ ಬರೆದಿದ್ದ. ಬೆಂಕಿಯುಂಡೆ ಕಿತ್ತಳೆ ಕಾರ್ಡಿನಲ್ಲಿ, ಅದೃಶ್ಯವಾಗುವುದು ಬಿಳಿಯಲ್ಲಿ, ನಿದ್ರಾಮಂತ್ರ ತಿಳಿನೀಲಿಯಲ್ಲಿ. ಇನ್ನೊಂದು ನಿಯಮವನ್ನೂ ಅವನೇ ಮಾಡಿದ್ದ. ನಾವೆಲ್ಲ ಮಾತಾಡುವುದು ತುಳುವಿನಲ್ಲಿ. ಮನೆಯಲ್ಲಿ ಬ್ಯಾರಿ ಮಾತಾಡುವ ಹಮೀದನೂ ನಮ್ಮ ಜೊತೆ ತುಳುವೇ. ಆದರೆ ಆಟದೊಳಗೆ ಕನ್ನಡ. ರಾಜ, ರಾಕ್ಷಸ, ಮಂತ್ರವಾದಿ ಇವರೆಲ್ಲ ತುಳು ಮಾತಾಡಿದರೆ ಮೀನು ಮಾರ್ಕೆಟ್ಟಿನ ಹಾಗೆ ಕೇಳುತ್ತದೆ, ಯುದ್ಧಕ್ಕೆ ಗೌರವ ಬರುವುದಿಲ್ಲ ಎಂದು ಅವನ ವಾದ. ಇದರಿಂದ ಒಂದು ಅನುಕೂಲವೂ ಆಯಿತು. "ಬಾಗಿಲು ತೆರೆಯಿರಿ" ಎಂದರೆ ಕೋಟೆಯ ಬಾಗಿಲು. ಅದನ್ನೇ ತುಳುವಿನಲ್ಲಿ ಹೇಳಿದರೆ ಅಂಗಡಿಯ ಬಾಗಿಲು, ಕೆಳಗೆ ಗಿರಾಕಿ ಬಂದಿದ್ದಾರೆ ಎಂದರ್ಥ. ಗೊಂದಲವೇ ಇರಲಿಲ್ಲ. ಈಗ ಬರೆಯುವಾಗ ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಂಡೆ. ಗೊಂದಲವೇ ಇರಲಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು.

ಆಡುವವರು ಮೂವರು. ನಾನು ಒಬ್ಬ. ಎರಡನೆಯವಳು ಶ್ರುತಿ, ಪೆರ್ಡೂರಿನ ಹುಡುಗಿ. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡುವ ಮೊದಲು ರೋಗಿಯನ್ನು ಮಲಗಿಸುತ್ತಾರಲ್ಲ, ಆ ವಿಭಾಗದ ಟೆಕ್ನಿಷಿಯನ್. ಆಟದಲ್ಲಿ ಅವಳು ಕಳ್ಳಿ. ದಿನವಿಡೀ ಜನರ ಉಸಿರು ಕಾಯುವವಳು ಭಾನುವಾರವಾದರೂ ಯಾರ ಜವಾಬ್ದಾರಿಯೂ ಇಲ್ಲದೆ ಬೀಗ ಒಡೆಯಬೇಕು ಎಂದು ಅವಳ ಆಸೆ. ಮೂರನೆಯವನು ಲೋಕೇಶ, ಮಲ್ಪೆಯಿಂದ ಹೊರಡುವ ಮೀನುಗಾರಿಕೆ ಬೋಟಿನ ಎಂಜಿನ್ ನೋಡಿಕೊಳ್ಳುವವನು, ಊರು ಕಾಪುವೇ. ಅವನು ನಮ್ಮ ಯೋಧ. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲದ ಎರಡು ತಿಂಗಳೇ ನಮ್ಮ ಆಟದ ಕಾಲ. ನಿಷೇಧ ಮುಗಿದು ಲೋಕೇಶ ಕಡಲಿಗೆ ಹೋದನೆಂದರೆ ದಾಳಗಳು ಡಬ್ಬಕ್ಕೆ.

ನಾನು ಸಣ್ಣವನಿದ್ದಾಗ ಕಾರ್ಕಳದ ನಮ್ಮ ಮನೆಯಲ್ಲಿಯೂ ಹೀಗೆಯೇ ಇತ್ತು. ಮಳೆಗಾಲದ ಆಟಿ ತಿಂಗಳು ಬಂದಾಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು, ಆಟಿ ಮುಗಿದ ಕೂಡಲೇ ಮೇಲೆ ಹೋಗುತ್ತಿತ್ತು. ಉಳಿದ ತಿಂಗಳುಗಳಲ್ಲಿ ಅದನ್ನು ಮುಟ್ಟಿದರೆ ದೊಡ್ಡಮ್ಮ ಕೈಗೆ ಹೊಡೆಯುತ್ತಿದ್ದರು. ಆಟದ ನಿಯಮಗಳ ಬಗ್ಗೆ ನನ್ನ ಮೊದಲ ಪಾಠ ಈ ದೊಡ್ಡಮ್ಮನದ್ದೇ. ಮಂಜೊಟ್ಟಿಯ ಕೆಂಪು ಕಾಯಿಗಳನ್ನು ಗುಳಿಗಳಿಗೆ ಹಂಚುತ್ತ ಹಂಚುತ್ತ ತಾನು ಸೋಲುವುದು ಖಚಿತ ಎಂದಾದಾಗ ಅವರು, ಇದು ನಮ್ಮ ತವರಿನ ಕ್ರಮ ಎಂದು ಹೇಳಿ ಒಂದು ಹೊಸ ನಿಯಮ ತೆಗೆಯುತ್ತಿದ್ದರು. ಅವರ ತವರು ನಿಟ್ಟೆ. ನಿಟ್ಟೆಯಲ್ಲಿ ಸೋಲುವವರೇ ಇಲ್ಲವೇನೋ ಎಂದು ನಾನು ಬಹಳ ಕಾಲ ನಂಬಿದ್ದೆ.

ನಿದ್ರಾಮಂತ್ರವನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣ ಸರಳ: ನನಗೆ ನಿದ್ದೆ ಬರುವುದಿಲ್ಲ. ಇನ್ನೊಬ್ಬರಿಗಾದರೂ ಕೊಡುವ ಎಂದು ಇರಬೇಕು. ಆ ಮಂತ್ರದ ಶಕ್ತಿ ಆರಿಸುವಾಗ ನನಗೂ ಗೊತ್ತಿರಲಿಲ್ಲ, ಹಮೀದನಿಗೂ ಗೊತ್ತಿರಲಿಲ್ಲ. ಅವನು ವಾರವಿಡೀ ಬಣ್ಣ ಕಲಸುತ್ತ ಕಲಸುತ್ತ ಒಂದು ಯುದ್ಧವನ್ನು ತಲೆಯಲ್ಲಿ ಕಟ್ಟುತ್ತಿದ್ದ. ಸೇತುವೆಯ ಮೇಲೆ ಹನ್ನೆರಡು ರಾಕ್ಷಸರು, ಕೆಳಗೆ ಮೊಸಳೆಗಳು, ಹಿಂದಿನಿಂದ ಬೆಂಕಿ. ಭಾನುವಾರ ನಾವು ಸೇತುವೆಗೆ ಕಾಲಿಟ್ಟ ಕೂಡಲೇ ನಾನು ತಿಳಿನೀಲಿ ಕಾರ್ಡು ಎತ್ತುತ್ತಿದ್ದೆ. ರಾಕ್ಷಸರು ಸಾಲಾಗಿ ಮಲಗುತ್ತಿದ್ದರು. ಶ್ರುತಿ ಅವರ ಕಿಸೆಗಳನ್ನು ಖಾಲಿ ಮಾಡುತ್ತಿದ್ದಳು, ಲೋಕೇಶ ತಲೆ ಕಡಿಯುತ್ತಿದ್ದ. ವಾರದ ಯುದ್ಧ ಚಾ ತಣ್ಣಗಾಗುವ ಮೊದಲೇ ಮುಗಿಯುತ್ತಿತ್ತು. ಒಂದು ದಿನ ಹಮೀದ್ ಬಣ್ಣ ಕಲಸುವ ಕೋಲನ್ನು ಮೇಜಿನ ಮೇಲಿಟ್ಟು, "ಇದು ಆಟವಾ ಮಾರಾಯ್ರೆ, ಅಥವಾ ಕೋಳಿ ಅಂಗಡಿಯಾ?" ಎಂದು ಕೇಳಿದ.

ಆಮೇಲೆ ಮಂತ್ರದ ರೆಕ್ಕೆ ಕತ್ತರಿಸುವ ಕೆಲಸ ಶುರುವಾಯಿತು. ದಿನಕ್ಕೆ ಒಂದೇ ಸಲ ಎಂದ. ನಾವು ಒಂದೇ ಯುದ್ಧ ಮಾಡಿ ಗುಹೆಯಲ್ಲಿ ಮಲಗಿ ಮರುದಿನ ಎದ್ದು ಬಂದೆವು. ಮಂತ್ರ ಹಾಕಿಸಿಕೊಂಡವನಿಗೂ ದಾಳ ಎಸೆದು ತಪ್ಪಿಸಿಕೊಳ್ಳುವ ಅವಕಾಶ ಎಂದ. ಹಮೀದನ ರಾಕ್ಷಸರಿಗೆ ದಾಳ ಬೀಳುವುದು ಯಾವಾಗಲೂ ಕೆಟ್ಟದಾಗಿಯೇ. ಮಂತ್ರಕ್ಕೆ ಅಪರೂಪದ ಒಂದು ಗಿಡಮೂಲಿಕೆ ಬೇಕು ಎಂದ. ಲೋಕೇಶ ಮುಂದಿನ ಊರಿನಲ್ಲಿ ಮೂಟೆಗಟ್ಟಲೆ ಕೊಂಡ. ಪ್ರತಿ ಸಲವೂ ಸಂದಿ ಹುಡುಕುವುದರಲ್ಲಿ ನಾನೇ ಮುಂದು. ವಕೀಲರ ನಡುವೆ ಇಷ್ಟು ವರ್ಷ ಕುಳಿತದ್ದು ವ್ಯರ್ಥವಾಗಿರಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ಶ್ರುತಿ. ಅವಳು ಬಹಳ ದಿನ ಸುಮ್ಮನಿದ್ದಳು. ಒಂದು ಭಾನುವಾರ ನಾನು ಆರು ಮಂದಿ ಕಾವಲುಗಾರರನ್ನು ಮಲಗಿಸಿ ಮುಂದೆ ಹೋಗುತ್ತೇನೆ ಎಂದಾಗ ತುಳುವಿಗೆ ಇಳಿದು, ತನಗೆ ಇದು ಪ್ರತಿ ಸಲವೂ ಕಿರಿಕಿರಿಯಾಗುತ್ತದೆ ಎಂದಳು. ಏಕೆ ಎಂದು ಕೇಳಿದೆ.

"ಮಲಗಿಸುವುದು ಸುಲಭ ಸರ್. ಮಲಗಿಸಿದವರು ಎದ್ದು ಹೋಗ್ಲಿಕ್ಕಿಲ್ಲ. ನಮ್ಮಲ್ಲಿ ಯಾರೂ ಹಾಗೆ ಎದ್ದು ಹೋಗುವುದಿಲ್ಲ."

ಅದೇ ನಿಯಮವಾಯಿತು. ಮಂತ್ರ ಹಾಕಿದವನು ಮಲಗಿದವನ ತಲೆಯ ಬಳಿ ಕುಳಿತಿರಬೇಕು. ಅವನು ಏಳುವವರೆಗೆ ಬೇರೆ ಏನೂ ಮಾಡುವಂತಿಲ್ಲ, ದಾಳ ಎಸೆಯುವಂತಿಲ್ಲ, ಸಲಹೆ ಕೊಡುವಂತಿಲ್ಲ. ಎದ್ದು ಹೋದರೆ ಅಥವಾ ಬಾಯಿ ಹಾಕಿದರೆ ಮಂತ್ರ ಮುರಿಯುತ್ತದೆ. ಹಮೀದ್ ಕುಣಿಯುವುದೊಂದು ಬಾಕಿ. ನಾನು ಪ್ರತಿಭಟಿಸಿದೆ. ಹಾಗಾದರೆ ಮಂತ್ರವಾದಿ ಎಂದರೆ ಯಾರು, ಮಗು ಕಾಯುವ ಆಯಾನಾ? ಎಂದು ಕೇಳಿದೆ. ಲೋಕೇಶ, ಅಣ್ಣ, ನಿಮಗೆ ಸುಮ್ಮನೆ ಕೂತು ಅಭ್ಯಾಸ ಉಂಟಲ್ಲ ಎಂದ. ಒಂದಕ್ಕೆ ಮೂರು ಮತಗಳಿಂದ ನಾನು ಸೋತೆ. ಸೋತ ಮೇಲೂ ವಾರಗಟ್ಟಲೆ ಗೊಣಗಿದೆ, ಆ ನಿಯಮ ಮುರಿಯಲು ಒಂದರ ಮೇಲೊಂದು ನೆಪ ಹೂಡಿದೆ. ನನಗೆ ಕೆಮ್ಮು, ನನಗೆ ನೀರು ಬೇಕು, ಮಲಗಿದವನು ಏಳುತ್ತಿದ್ದಾನೆ ನೋಡಿ, ಹೀಗೆ. ಇದನ್ನೂ ದಾಖಲಿಸಬೇಕು. ಮುಂದೆ ಆದದ್ದಕ್ಕೆ ಇದರ ಸಂಬಂಧವಿದೆ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಲೋಕೇಶನ ಯೋಧ ಎಚ್ಚರ ತಪ್ಪಿ ಬಿದ್ದಾಗಲೂ ಲೋಕೇಶ ಸುಮ್ಮನಿರುತ್ತಿರಲಿಲ್ಲ. ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಎಂದು ನಿರ್ದೇಶನ ಕೊಡುತ್ತಿದ್ದ. ಹಾಗಾಗಿ ಪಾತ್ರ ಮಲಗಿದರೆ ಆಡುವವನೂ ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಬೇಕು ಎಂದು ಹಮೀದ್ ಕಟ್ಟಳೆ ಹಾಕಿದ್ದ. ಲೋಕೇಶ ಇದನ್ನು ಚೆನ್ನಾಗಿಯೇ ಮಾಡುತ್ತಿದ್ದ. ಬಾಯಿ ತೆರೆದು, ಗೊರಕೆ ಹೊಡೆದು, ನಡುವೆ ಏನೋ ಬಡಬಡಿಸಿ ನಮ್ಮನ್ನು ನಗಿಸುತ್ತಿದ್ದ.

ಅದು ನಡೆದ ಭಾನುವಾರ ಅವನು ಬಂದದ್ದು ನೇರ ಮಲ್ಪೆಯಿಂದ. ನಿಷೇಧದ ಕಾಲದಲ್ಲಿ ಬೋಟಿನ ಎಂಜಿನ್ ಬಿಚ್ಚಿ ಸರಿಮಾಡುವ ಕೆಲಸ ಅವನದು. ಕೈಯಲ್ಲಿ ಡೀಸೆಲಿನ ವಾಸನೆ ಇನ್ನೂ ಇತ್ತು. ಹಮೀದನ ಮನೆಯಿಂದ ಪತ್ತಿರ್ ಎಂಬ ಅಕ್ಕಿ ರೊಟ್ಟಿ ಮತ್ತು ಕೋಳಿ ಸಾರು ಬಂದಿತ್ತು. ಲೋಕೇಶ, ಆಮೇಲೆ ತಿನ್ನುವ, ಮೊದಲು ಆಟ ಶುರು ಮಾಡಿ ಎಂದ. ಮಳೆ ನಿಂತು ಸೆಕೆ ಏರಿತ್ತು. ಕರೆಂಟು ಹೋಗಿ ಫ್ಯಾನ್ ನಿಂತಿತ್ತು, ಪಕ್ಕದ ಅಂಗಡಿಯ ಜನರೇಟರ್ ಬಡಿದುಕೊಳ್ಳುತ್ತಿತ್ತು. ಎಲ್ಲರೂ ಬೆವರುತ್ತಿದ್ದೆವು. ಎಲ್ಲರೂ ಎಂದು ಒತ್ತಿ ಹೇಳುತ್ತಿದ್ದೇನೆ.

ಆಟದಲ್ಲಿ ನಮಗೊಬ್ಬ ಕೈದಿ ಸಿಕ್ಕಿದ್ದ. ಕೋಟೆಗೆ ಹೋಗುವ ಗುಪ್ತ ದಾರಿ ಅವನಿಗೆ ಮಾತ್ರ ಗೊತ್ತು. ಲೋಕೇಶನ ಯೋಧ ಸಿಟ್ಟಿನಲ್ಲಿ ಅವನನ್ನು ಕೊಲ್ಲಲು ಹೊರಟ. ತಡೆಯಲು ನನಗೆ ಬೇರೆ ದಾರಿ ಇರಲಿಲ್ಲ. ತಿಳಿನೀಲಿ ಕಾರ್ಡು ಎತ್ತಿ, ಮಿತ್ರನೇ, ಮಲಗು ಎಂದೆ. ದಾಳ ಎಸೆದೆ, ದೊಡ್ಡ ಸಂಖ್ಯೆಯೇ ಬಿತ್ತು. ಲೋಕೇಶ ನನ್ನನ್ನೊಮ್ಮೆ ನೋಡಿದ. ಸಾಮಾನ್ಯವಾಗಿ ಅವನು ಬೈಯುತ್ತಿದ್ದ. ಅಂದು ಬೈಯಲಿಲ್ಲ. ಕೈಗಳನ್ನು ಮಡಚಿ ತಲೆಯಿಟ್ಟ. ನಾನು ನಿಯಮದಂತೆ ಕುರ್ಚಿ ಎಳೆದುಕೊಂಡು ಅವನ ತಲೆಯ ಬಳಿ ಕುಳಿತೆ. ಹಮೀದನೂ ಶ್ರುತಿಯೂ ಕೈದಿಯ ಬಾಯಿ ಬಿಡಿಸತೊಡಗಿದರು.

ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಹಮೀದ್ ನಕ್ಕು, ಅಭಿನಯಕ್ಕಾಗಿ ಯೋಧನಿಗೆ ಹೆಚ್ಚುವರಿ ಅಂಕ ಎಂದು ಘೋಷಿಸಿದ. ಶ್ರುತಿಗೆ ಆಸ್ಪತ್ರೆಯಿಂದ ಡ್ಯೂಟಿ ಬದಲಿಸುವ ಬಗ್ಗೆ ಫೋನ್ ಬಂತು. ಜನರೇಟರಿನ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು, ಬೆನ್ನು ಹಾಕಿ ಕಿಟಕಿಯ ಬಳಿ ನಿಂತಳು. ನನಗೆ ಮಾಡಲು ಏನೂ ಕೆಲಸವಿರಲಿಲ್ಲ, ಲೋಕೇಶನನ್ನು ನೋಡುವುದು ಬಿಟ್ಟರೆ. ನೋಡಿದೆ. ಕಾಲರ್ ಪೂರ್ತಿ ಒದ್ದೆ, ಕಿವಿಯ ಹಿಂದಿನಿಂದ ಬೆವರು ಹನಿಯಾಗಿ ಇಳಿಯುತ್ತಿತ್ತು. ತುಟಿಯ ಬಣ್ಣ ಸರಿಯಿರಲಿಲ್ಲ. ಬೆರಳುಗಳು ಒಮ್ಮೊಮ್ಮೆ ಸಣ್ಣಗೆ ಅದುರುತ್ತಿದ್ದವು. ಮುಖದ ಕೆಳಗೆ ಸಿಕ್ಕಿಕೊಂಡಿದ್ದ ಕಾರ್ಡೊಂದು ಅವನ ಜೊಲ್ಲಿನಿಂದ ತೋಯ್ದಿತ್ತು.

ನನ್ನದೊಂದು ದೋಷ ಉಂಟು. ಗಾಬರಿಯಾದರೆ ನನ್ನ ಬಾಯಲ್ಲಿ ಬರುವುದು ಕೋರ್ಟಿನ ಕನ್ನಡ. ಹೆಂಡತಿಗೆ ಹೆರಿಗೆ ನೋವು ಬಂದಾಗ ಆಟೋದವನಿಗೆ, ಸದರಿ ಮಹಿಳೆಯನ್ನು ಕೂಡಲೇ ಸಾಗಿಸಬೇಕಾಗಿದೆ ಎಂದವನು ನಾನು. ಅಂದೂ ಹಾಗೆಯೇ ಆಯಿತು. "ಇವನ ಮೈ ಅತಿಯಾಗಿ ಬೆವರುತ್ತಿದೆ, ಉಸಿರಾಟದಲ್ಲಿ ವ್ಯತ್ಯಾಸ ಕಾಣುತ್ತಿದೆ" ಎಂದೆ.

ಕನ್ನಡದಲ್ಲಿ ಹೇಳಿದೆ. ಹಾಗಾಗಿ ಅದು ಮಂತ್ರವಾದಿ ಯೋಧನ ಬಗ್ಗೆ ಹೇಳಿದ ಮಾತಾಯಿತು. ಹಮೀದ್ ಕೋಲು ಎತ್ತಿ, ಮಂತ್ರವಾದಿಗಳೇ, ಬಾಯಿ ಹಾಕಿದರೆ ಮಂತ್ರ ಮುರಿಯುತ್ತದೆ, ನಿಮ್ಮ ಉಪಾಯ ನಮಗೆ ಗೊತ್ತು ಎಂದ. ನಾನು, ಇಲ್ಲ, ಪರಿಶೀಲಿಸಬೇಕು ಎಂದೆ. ಅವನು, ಪರಿಶೀಲಿಸುವ ಎಂದು ಎದ್ದು ಬಂದ. ನಮ್ಮಲ್ಲಿ ಮಕ್ಕಳು ನಿದ್ದೆಯ ಸೋಗು ಹಾಕಿದರೆ ಹಿರಿಯರು ಒಂದು ಮಾತು ಹೇಳುತ್ತಾರೆ: ನಿಜವಾಗಿ ಮಲಗಿದವರ ಕಾಲು ಅಲ್ಲಾಡುತ್ತದೆ ಎಂದು. ಸೋಗಿನ ಮಗು ಕೂಡಲೇ ಕಾಲು ಅಲ್ಲಾಡಿಸಿ ಸಿಕ್ಕಿಬೀಳುತ್ತದೆ. ನನ್ನ ಅಮ್ಮನೂ ಹೇಳುತ್ತಿದ್ದಳು, ನಾನೂ ಪ್ರತಿ ಸಲ ಸಿಕ್ಕಿಬೀಳುತ್ತಿದ್ದೆ. ಹಮೀದ್ ಲೋಕೇಶನ ಕಿವಿಯ ಬಳಿ ಬಗ್ಗಿ ಅದನ್ನೇ ಹೇಳಿದ. ಲೋಕೇಶನ ಕಾಲು ಅಲ್ಲಾಡಲಿಲ್ಲ. ಹಮೀದ್ ಚಪ್ಪಾಳೆ ತಟ್ಟಿದ. ಎಂಥ ಕಲಾವಿದ ಎಂದ.

ನಾನು ಆಗ ಲೋಕೇಶನ ಹಣೆಗೆ ಕೈ ಇಟ್ಟೆ. ಆ ಸೆಕೆಯಲ್ಲಿ ಅದು ತಣ್ಣಗಿತ್ತು. ಐಸ್ ಹಾಕಿದ ಮೀನು ಮುಟ್ಟಿದ ಹಾಗೆ ಎಂದು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಹಾಗೆಯೇ ಇತ್ತು. ನನ್ನ ಬಾಯಿಂದ ಕೊನೆಗೆ ತುಳು ಬಂತು.

"ಶ್ರುತಿ, ಇಂಚಿ ತೂಲೆ."

ಇತ್ತ ನೋಡಿ ಎಂದು, ಅಷ್ಟೇ. ಶ್ರುತಿ ತಿರುಗಿದಳು. ಫೋನ್ ಅವಳ ಕೈಯಿಂದ ಬಿತ್ತೋ ಅವಳೇ ಎಸೆದಳೋ ಹೇಳಲಾರೆ. ಅದು ಡಬ್ಬಗಳ ನಡುವೆ ಇನ್ನೂ ಮಾತಾಡುತ್ತಿತ್ತು. ಅವಳು ಬಂದು ಲೋಕೇಶನ ಹೆಗಲು ಹಿಡಿದು ಅಲುಗಾಡಿಸಿ ಹೆಸರು ಕರೆದಳು. ಉತ್ತರವಿಲ್ಲ. ಇಬ್ಬರೂ ಸೇರಿ ಅವನನ್ನು ನೆಲಕ್ಕೆ ಇಳಿಸಿ ಎಂದಳು. ಪಕ್ಕಕ್ಕೆ ವಾಲಿಸಿ ಮಲಗಿಸಿದಳು. ದವಡೆಯ ಮೂಳೆಗೆ ಬೆರಳು ಕೊಟ್ಟು ಮುಂದಕ್ಕೆ ಎತ್ತಿದಳು. ಗೊರಕೆ ತಟ್ಟನೆ ನಿಂತಿತು. ನಾನು ಅವನು ಹೋದನೆಂದೇ ತಿಳಿದೆ. ಆಮೇಲೆ ಉಸಿರಿನ ಸದ್ದು ಕೇಳಿತು, ಸಲೀಸಾದ ಉಸಿರು. ಹಮೀದ್ ನೀರಿನ ಲೋಟ ತಂದು ಬಾಯಿಗೆ ಹಿಡಿಯಲು ಹೋದ. ಅವಳು ಮೊಣಕೈಯಿಂದ ಅದನ್ನು ತಳ್ಳಿ, ಬಾಯಿಗೆ ಏನೂ ಹಾಕಬೇಡಿ, ಗಾಡಿ ತೆಗೆಯಿರಿ ಎಂದಳು.

ಹಮೀದನ ಪಿಕಪ್ಪಿನ ಹಿಂಭಾಗದಲ್ಲಿ ಪ್ರೈಮರಿನ ಡಬ್ಬಗಳ ನಡುವೆ ಅವನನ್ನು ಮಲಗಿಸಿದೆವು. ಕಟಪಾಡಿ, ಉದ್ಯಾವರ ದಾಟಿ ಉಡುಪಿಯವರೆಗೆ ಶ್ರುತಿ ಅವನ ದವಡೆಯಿಂದ ಕೈ ತೆಗೆಯಲಿಲ್ಲ. ಡಬ್ಬಗಳು ಉರುಳಿ ಅವಳ ಬೆನ್ನಿಗೆ ಬಡಿಯುತ್ತಿದ್ದವು. ನಾನು ಡಬ್ಬ ಹಿಡಿಯುವ ಕೆಲಸ ಮಾಡಿದೆ. ಬೇರೆ ಏನೂ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಇವರಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು. ಇಲ್ಲ ಎಂದು ನಾವು ಮೂವರೂ ಒಟ್ಟಿಗೆ ಹೇಳಿದೆವು. ಎಷ್ಟು ಖಚಿತವಾಗಿ ಹೇಳಿದೆವು ಎಂಬುದನ್ನೂ ದಾಖಲಿಸಬೇಕು. ಅವನ ಯೋಧನ ಬಲಭುಜದ ಗಾಯ, ವಿಷಕ್ಕೆ ಅವನಿಗಿರುವ ಪ್ರತಿರೋಧ, ಎಷ್ಟು ಪೆಟ್ಟು ತಿಂದರೆ ಬೀಳುತ್ತಾನೆ ಎಂಬ ಲೆಕ್ಕ, ಇವೆಲ್ಲ ನಮಗೆ ಬಾಯಿಪಾಠ. ನರ್ಸ್ ಅವನ ಅಂಗಿಯ ಕಿಸೆಯಿಂದ ಮಾತ್ರೆಯ ಒಂದು ತುಂಡು ಪಟ್ಟಿ ತೆಗೆದು ಡಾಕ್ಟರರ ಕೈಗಿಟ್ಟಳು. ಸಕ್ಕರೆ ಇಳಿಸುವ ಮಾತ್ರೆ. ಬೆಳಿಗ್ಗೆ ಅದನ್ನು ನುಂಗಿ, ಮಧ್ಯಾಹ್ನ ಊಟ ಬಿಟ್ಟು ಎಂಜಿನ್ನಿನ ಕೆಲಸ ಮಾಡಿ, ಹಾಗೆಯೇ ಬಂದು ನಮ್ಮ ಜೊತೆ ಕುಳಿತಿದ್ದ. ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ನರಕ್ಕೆ ಗ್ಲೂಕೋಸ್ ಹೋಗತೊಡಗಿದ ಸ್ವಲ್ಪ ಹೊತ್ತಿಗೆ ಅವನು ಕಣ್ಣು ತೆರೆದ. ನಮ್ಮನ್ನು ಒಬ್ಬೊಬ್ಬರಾಗಿ ನೋಡಿದ. ಡಾಕ್ಟರರ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದ.

"ಬೋಟಿನವರಿಗೆ ಗೊತ್ತಾಗ್ಲಿಕ್ಕಿಲ್ಲ, ಹೇಳ್ಬೇಡಿ" ಎಂದ.

ಕಾರಣವನ್ನು ಆಮೇಲೆ ಹೇಳಿದ. ಕಾಯಿಲೆ ಗೊತ್ತಾಗಿ ಆರು ತಿಂಗಳು. ಇನ್ನೊಂದು ಬೋಟಿನಲ್ಲಿ ಎಂಜಿನ್ ನೋಡುವವನಿಗೆ ಕಡಲಿನಲ್ಲಿ ತಲೆ ತಿರುಗಿ, ಬಲೆ ಎಳೆಯುವುದನ್ನು ಬಿಟ್ಟು ದಡಕ್ಕೆ ಬರಬೇಕಾಯಿತಂತೆ. ಮುಂದಿನ ಸಲ ಅವನನ್ನು ಕರೆಯಲಿಲ್ಲ. ಈಗ ಅವನು ಪಡುಬಿದ್ರಿಯಲ್ಲಿ ಯಾರದೋ ಗೋದಾಮಿನ ಕಾವಲು. ಲೋಕೇಶ ಇಪ್ಪತ್ತರ ವಯಸ್ಸಿನಿಂದ ಎಂಜಿನ್ ರೂಮಿನಲ್ಲಿದ್ದವನು. ಅದರ ಸದ್ದು ಸ್ವಲ್ಪ ಬದಲಾದರೆ ಮಲಗಿದಲ್ಲೇ ಗೊತ್ತಾಗುತ್ತದೆ ಎನ್ನುವವನು. ದಡದಲ್ಲಿ ತಾನು ಏನು ಮಾಡಲಿ ಎಂದು ಕೇಳಿದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆವು.

ಹೊರಗೆ ಬಂದ ಮೇಲೆ ನಾನು ಶ್ರುತಿಯ ಮುಖ ನೋಡಿದೆ. ಅವಳೇ ಹೇಳಿದಳು: "ಇನ್ನು ಸ್ವಲ್ಪ ತಡವಾಗಿದ್ದರೆ ಅಂತ ಕೇಳ್ತೀರಿ, ನನಗೆ ಗೊತ್ತು. ಕೇಳ್ಬೇಡಿ ಸರ್."

ಕೇಳಲಿಲ್ಲ. ಆದರೆ 'ಮಾತು ಕೊಟ್ಟೆವು' ಎಂಬುದು ಎಷ್ಟು ಭಾರವಾಗಿತ್ತೆಂದರೆ ಕೋರ್ಟಿನಲ್ಲಿ ಸಾಕ್ಷಿಯೊಬ್ಬ, ನಾನು ನೋಡಿದೆ, ಆದರೆ ಯಾರಿಗೂ ಹೇಳಲಿಲ್ಲ ಎಂದಾಗ ನನ್ನ ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತು. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಕಡಲಿಗೆ ಬೋಟುಗಳು ಇಳಿಯುವ ದಿನ ಹತ್ತಿರ ಬರುತ್ತಿತ್ತು.

ಅದಕ್ಕೂ ಮೊದಲಿನ ಕೊನೆಯ ಭಾನುವಾರ ಲೋಕೇಶ ಮಹಡಿ ಹತ್ತಿ ಬಂದ. ಸ್ವಲ್ಪ ಇಳಿದಿದ್ದ, ಆದರೆ ಅದೇ ನಗು. ಮೊದಲು ಪತ್ತಿರ್, ಆಮೇಲೆ ಆಟ ಎಂದು ತಾನೇ ಹೇಳಿ ತಿಂದ. ಅವನು ತಿನ್ನುವುದನ್ನು ಮೂವರೂ ನೋಡುತ್ತ ಕುಳಿತೆವು. ಎಂತ, ನಾನು ಪ್ರಾಣಿಸಂಗ್ರಹಾಲಯದ ಹುಲಿಯಾ ಎಂದು ಕೇಳಿದ. ಹಮೀದ್ ತಿಳಿನೀಲಿ ಕಾರ್ಡನ್ನು ಹಿಡಿದುಕೊಂಡು, ಇದನ್ನು ಹರಿದು ಹಾಕುವ, ಈ ಆಟದಲ್ಲಿ ಇನ್ನು ನಿದ್ರಾಮಂತ್ರ ಬೇಡ ಎಂದ. ಹರಿಯಲು ಎರಡೂ ಕೈಗಳಲ್ಲಿ ಅದರ ಮೂಲೆ ಹಿಡಿದಿದ್ದ. ಚಪ್ಪಾಳೆ ತಟ್ಟಿದ ಕೈಗಳು ಅವು. ಆ ಚಪ್ಪಾಳೆಯ ಬಗ್ಗೆ ಅವನು ನಮ್ಮಲ್ಲಿ ಒಮ್ಮೆಯೂ ಮಾತಾಡಿರಲಿಲ್ಲ. ಅಂಗಡಿಯಲ್ಲಿ ಬಣ್ಣ ತಪ್ಪಾಗಿ ಕಲಸಿ ಕೊಡುತ್ತಿದ್ದಾನೆ ಎಂದು ಮಾತ್ರ ಕೇಳಿದ್ದೆ.

ಲೋಕೇಶ ಕಾರ್ಡನ್ನು ಅವನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟ. ತುಳುವಿನಲ್ಲಿಯೇ ಮಾತಾಡಿದ. ಅವನು ಹೇಳಿದ್ದನ್ನು ಹೇಳಿದ ಹಾಗೆ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ನನಗೆ ಎಲ್ಲ ಕೇಳ್ತಿತ್ತು. ಅಣ್ಣ ಬೆವರುತ್ತದೆ ಅಂದದ್ದು ಕೇಳಿತು. ನೀನು ನಕ್ಕದ್ದು, ಕಾಲು ಅಲ್ಲಾಡ್ತದೆ ಅಂದದ್ದು, ಅದೂ ಕೇಳಿತು. ಕಾಲು ಅಲ್ಲಾಡಿಸ್ಲಿಕ್ಕೆ ನೋಡಿದೆ ಮಾರಾಯ. ಆಗಲಿಲ್ಲ. ಆಗ ನನಗೆಂತ ಕಂಡದ್ದು ಗೊತ್ತುಂಟಾ? ಮಂತ್ರ ತಾಗಿದೆ ಅಂತ. ನಿಯಮ ಪ್ರಕಾರ ನಾನು ಏಳ್ಲಿಕ್ಕಿಲ್ಲ ಅಂತ."

ಕೆಳಗೆ ಗಿರಾಕಿಯೊಬ್ಬ ಅಂಗಡಿಯವರೇ ಎಂದು ಎರಡು ಸಲ ಕರೆದು ಹೋದ.

"ಹೆದರಿಕೆಯೇ ಆಗಲಿಲ್ಲ ನನಗೆ" ಎಂದ ಲೋಕೇಶ. "ಅಣ್ಣ ತಲೆಯ ಹತ್ತಿರ ಇದ್ದಾರೆ, ಏಳುವವರೆಗೆ ಹೋಗ್ಲಿಕ್ಕಿಲ್ಲ, ಅದು ಗೊತ್ತಿತ್ತು. ಹೆದರಿಕೆ ಆದದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಮಂತ್ರ ನೀನು ಹರಿಯಬಹುದು ಹಮೀದ್. ಎಂಜಿನ್ ರೂಮಿನಲ್ಲಿ ನಾನು ಒಬ್ಬನೇ. ಮೇಲೆ ಬಲೆ ಎಳೆಯುವಾಗ ಕೆಳಗೆ ಬೊಬ್ಬೆ ಹಾಕಿದರೂ ಯಾರಿಗೂ ಕೇಳುವುದಿಲ್ಲ. ಅಲ್ಲಿ ನನ್ನ ತಲೆಯ ಹತ್ತಿರ ಯಾರು ಕೂತುಕೊಳ್ಳುವುದು?"

ಅವನು ಫೋನ್ ತೆಗೆದು ಬೋಟಿನ ತಂಡೇಲನಿಗೆ ಕರೆ ಮಾಡಿದ. ತಂಡೇಲನೆಂದರೆ ಬೋಟು ನಡೆಸುವ ಯಜಮಾನ. ಯಾರು ಬರಬೇಕು, ಯಾರು ಬೇಡ ಎನ್ನುವುದು ಅವನ ಮಾತು. ಲೋಕೇಶ ಫೋನನ್ನು ಮೇಜಿನ ನಡುವೆ ಇಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದ. ಏಕೆ ಎಂದು ಆಗ ತಿಳಿಯಲಿಲ್ಲ. ಒಬ್ಬನೇ ಹೇಳಲು ಆಗುತ್ತಿರಲಿಲ್ಲವೇನೋ. ಆ ಕಡೆ ಸುತ್ತಿಗೆಯ ಸದ್ದು, ಯಾರೋ ಹಾಡುವುದು, ಬೋಟಿಗೆ ಐಸ್ ತುಂಬುವ ಗಲಾಟೆ. ಲೋಕೇಶ ನೇರವಾಗಿ ಹೇಳಿದ. ತನಗೆ ಸಕ್ಕರೆ ಕಾಯಿಲೆ ಇದೆ, ಆರು ತಿಂಗಳಾಯಿತು, ಹೇಳಿರಲಿಲ್ಲ, ಮೊನ್ನೆ ಎಚ್ಚರ ತಪ್ಪಿ ಬಿದ್ದೆ ಎಂದ. ಸುತ್ತಿಗೆ ಬಡಿಯುತ್ತಲೇ ಇತ್ತು. ಲೋಕೇಶ ಎರಡೂ ಕೈಗಳಿಂದ ಮೇಜಿನ ಅಂಚು ಹಿಡಿದಿದ್ದ.

ಕೊನೆಗೆ ತಂಡೇಲ ಕೇಳಿದ್ದು ಒಂದೇ: ಬಿದ್ದರೆ ನಾವು ಎಂತ ಮಾಡಬೇಕು?

ಲೋಕೇಶ ಶ್ರುತಿಯ ಕಡೆ ನೋಡಿದ. ಅವಳು ಫೋನಿನ ಹತ್ತಿರ ಬಗ್ಗಿ ನಿಧಾನವಾಗಿ ಹೇಳತೊಡಗಿದಳು. ಬೆವರು ಬಂದು ಮಾತು ತೊದಲಿದರೆ ಕೂಡಲೇ ಸಕ್ಕರೆ ನೀರು ಕುಡಿಸಿ. ತಂಡೇಲ ಫೋನಿನಿಂದ ಬಾಯಿ ತಿರುಗಿಸಿ ಅದನ್ನೇ ಗಟ್ಟಿಯಾಗಿ ಕೂಗಿ ಹೇಳಿದ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ವಾಲಿಸಿ ಮಲಗಿಸಿ ಎಂದಳು. ತಂಡೇಲ ಅದನ್ನೂ ಕೂಗಿದ. ಆಗ ನಮಗೆ ಅರ್ಥವಾಯಿತು, ಅವನು ಹೇಳುತ್ತಿರುವುದು ಇಡೀ ಬೋಟಿಗೆ. ಆರು ತಿಂಗಳು ಲೋಕೇಶ ಕಿಸೆಯಲ್ಲಿ ಮುಚ್ಚಿಟ್ಟುಕೊಂಡದ್ದು ಮಲ್ಪೆ ಬಂದರಿನ ಧಕ್ಕೆಯಲ್ಲಿ ಒಂದೊಂದೇ ವಾಕ್ಯವಾಗಿ ಕೇಳಿಸುತ್ತಿತ್ತು. ಹಾಡು ನಿಂತಿತು. ಸುತ್ತಿಗೆಯೂ ನಿಂತಿತು. ಹಿಂದಿನಿಂದ ಒಬ್ಬ, ಹಾಗಾದರೆ ಅವನ ಪಾಲಿನ ಪಾಯಸ ನನಗೆ ಎಂದ. ಇನ್ನೊಬ್ಬ ಅವನಿಗೆ ಬೈದ. ಲೋಕೇಶ ಕಣ್ಣು ಮುಚ್ಚಿ ಕೇಳುತ್ತಿದ್ದ.

ಎಲ್ಲ ಮುಗಿದ ಮೇಲೆ ತಂಡೇಲ ಫೋನಿಗೆ ಮರಳಿ, ಡಾಕ್ಟರರನ್ನು ಕೇಳಿ ಬಾ, ಅವರು ಆಗುತ್ತದೆ ಅಂದರೆ ಬಾ, ಕೆಳಗೆ ಒಬ್ಬನೇ ಇಳಿಯುವುದು ಬೇಡ, ಇನ್ನೊಬ್ಬ ಜೊತೆಗಿರುತ್ತಾನೆ ಎಂದ. ಆರು ತಿಂಗಳು ಯಾಕೆ ಹೇಳಲಿಲ್ಲ ಎಂದು ಕೇಳಿ, ನಾನು ಇಲ್ಲಿ ಬರೆಯಲಾಗದ ಒಂದು ಪದ ಸೇರಿಸಿ, ಫೋನ್ ಇಟ್ಟ.

ಲೋಕೇಶ ಫೋನನ್ನು ಕವುಚಿ ಹಾಕಿದ. ಕೈಗಳನ್ನು ಮಡಚಿ ಮೇಜಿನ ಮೇಲೆ ತಲೆಯಿಟ್ಟ.

ಹಮೀದನ ಕುರ್ಚಿ ಹಿಂದಕ್ಕೆ ಬಿದ್ದು ಸದ್ದಾಯಿತು. ನೋಡಿದರೆ ನಾವು ಮೂವರೂ ಎದ್ದು ನಿಂತಿದ್ದೆವು. ಶ್ರುತಿಯ ಕೈ ಆಗಲೇ ಅವನ ದವಡೆಯ ಹತ್ತಿರ ಹೋಗಿತ್ತು.

"ನಿದ್ದೆ ಅಲ್ಲ ಮಾರಾಯ್ರೆ, ಕುಲ್ಲುಲೆ" ಎಂದ ಅವನು, ತಲೆ ಎತ್ತದೆ. ಕುಳಿತುಕೊಳ್ಳಿ ಎಂದು. ತುಳುವಿನಲ್ಲಿಯೇ ಹೇಳಿದ, ಸ್ಪಷ್ಟವಾಗಿ ಹೇಳಿದ. ಆದರೂ ಅವನ ಹೆಗಲು ಅಲುಗುವುದು ನಿಲ್ಲುವವರೆಗೆ ನಾವು ಯಾರೂ ಕೂರಲಿಲ್ಲ.